ಲಕ್ಷ ಪ್ಲೇ, ಎಂಟು ಸಾವಿರ ರೂಪಾಯಿ

18,000 ರೂಪಾಯಿಗೆ ಒಂದು ಲಕ್ಷ ಪ್ಲೇ, ಜಿಎಸ್‌ಟಿ ಬೇರೆ. ನನ್ನ ಭಾವಗೀತೆಯೊಂದಕ್ಕೆ ಪ್ರಮೋಷನ್ ಕಂಪನಿಯವರು ಕೊಟ್ಟ ಪ್ಯಾಕೇಜ್ ಇದು. ಸ್ವರ ಸಂಯೋಜನೆ ನನ್ನದು, ದನಿಯೂ ನನ್ನದೇ, ಸಾಹಿತ್ಯ ನಿವೃತ್ತ ಮೇಷ್ಟ್ರೊಬ್ಬರದು. ತಬಲಾ, ಕೊಳಲು, ಕೀಬೋರ್ಡ್, ಮಿಕ್ಸಿಂಗ್ ಅಂತ ಆಗಲೇ 40,000 ಖರ್ಚಾಗಿತ್ತು. ಪ್ಯಾಕೇಜ್ ಮಾರಲು ಬಂದ ಹುಡುಗ ಚುರುಕು. "ಸ್ಪಾಟಿಫೈನಲ್ಲಿ ವರ್ಷಕ್ಕೆ ಸಾವಿರ ಪ್ಲೇ ದಾಟದಿದ್ರೆ ಒಂದು ಪೈಸೆನೂ ಬರಲ್ಲ ಮೇಡಂ" ಅಂದ. ಸುಳ್ಳೇನಲ್ಲ. 2024ರಿಂದ ನಿಯಮವೇ ಹಾಗಿದೆ: ಹಿಂದಿನ 12 ತಿಂಗಳಲ್ಲಿ ಸಾವಿರ ಪ್ಲೇ ಆಗದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ನಮ್ಮಂಥ ಭಾವಗೀತೆಯವರಿಗೆ ಸಾವಿರವೇನೂ ಸಣ್ಣ ಅಂಕಿಯಲ್ಲ. ದುಡ್ಡು ಕಟ್ಟಿದೆ.

ಸಾವಿರ ಪ್ಲೇ ಆದರೆ ಬರುವುದೆಷ್ಟು ಅಂತ ಆ ಹುಡುಗ ಹೇಳಲಿಲ್ಲ. ಲೆಕ್ಕ ಹಾಕೋಣ. ಚಂದಾದಾರನೊಬ್ಬ ತಿಂಗಳಿಗೆ 118 ರೂಪಾಯಿ ಕಟ್ಟುತ್ತಾನೆ ಎಂದಿಟ್ಟುಕೊಳ್ಳಿ. ಶೇ 18ರ ಜಿಎಸ್‌ಟಿ ತೆಗೆದರೆ 100. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಆ್ಯಪ್‌ನವರದು, ಹಕ್ಕುದಾರರಿಗೆ ಉಳಿಯುವುದು 66 ಅನ್ನಿ. ಆತ ದಿನಕ್ಕೆ 20 ಹಾಡು ಕೇಳಿದರೆ ತಿಂಗಳಿಗೆ 600. 66 ರೂಪಾಯಿಯನ್ನು 600ರಿಂದ ಭಾಗಿಸಿದರೆ ಹಾಡಿಗೆ 11 ಪೈಸೆ. ಇದರಲ್ಲಿ ಸಾಹಿತ್ಯ, ಸಂಯೋಜನೆಯ ಪಾಲು ಬೇರೆ ದಾರಿ ಹಿಡಿಯುತ್ತದೆ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರ ಕಮಿಷನ್ ಇದೆ. ಕೈಗೆ 8 ಪೈಸೆ ಸಿಕ್ಕಿತು ಅಂದುಕೊಂಡರೂ ಸಾವಿರ ಪ್ಲೇಗೆ 80 ರೂಪಾಯಿ, ಲಕ್ಷಕ್ಕೆ 8,000. ರೆಕಾರ್ಡಿಂಗಿಗೆ ಹಾಕಿದ 40,000 ಹುಟ್ಟಬೇಕಾದರೆ ಐದು ಲಕ್ಷ ಪ್ಲೇ ಬೇಕು. ಇದೂ ಧಾರಾಳದ ಲೆಕ್ಕವೇ. ನಮ್ಮಲ್ಲಿ ಹೆಚ್ಚಿನವರು ಜಾಹೀರಾತು ಸಹಿಸಿಕೊಂಡು ಬಿಟ್ಟಿ ಕೇಳುವವರು; ಅವರಿಂದ ಬರುವ ದರ ಇದರ ಹತ್ತಿರಕ್ಕೂ ಸುಳಿಯುವುದಿಲ್ಲ.

ಚಂದಾ ಕಟ್ಟುವವರ ದುಡ್ಡಾದರೂ ನೇರ ನಮಗೆ ಬರುತ್ತದೆಯೇ ಎಂದರೆ ಅದೂ ಇಲ್ಲ. ನನ್ನ ಶಿಷ್ಯೆ ತಿಂಗಳಿಡೀ ನನ್ನ ಹಾಡೊಂದನ್ನೇ ಕೇಳಿದರೂ ಅವಳ ನೂರು ರೂಪಾಯಿ ಬೀಳುವುದು ಎಲ್ಲರ ದುಡ್ಡಿನ ಜೊತೆ ಒಂದೇ ಹುಂಡಿಗೆ. ಒಟ್ಟು ಪ್ಲೇಗಳಲ್ಲಿ ನನ್ನ ಪಾಲೆಷ್ಟೋ ಅಷ್ಟು ನನಗೆ. ಯಾವುದೋ ಜಿಮ್‌ನಲ್ಲಿ ಬೆಳಗಿನಿಂದ ಹಾಕಿಟ್ಟ ಹಿಂದಿ ಸಿನಿಮಾ ಹಾಡು ಅವಳ ನೂರರಲ್ಲೂ ಪಾಲು ಪಡೆಯುತ್ತದೆ.

ಅಂದರೆ ಪ್ಯಾಕೇಜಿನ ಲಕ್ಷ ಪ್ಲೇಗಳು ಅಪ್ಪಟವಾಗಿದ್ದರೂ 10,000 ಖೋತಾ. ಅಪ್ಪಟವೂ ಆಗಿರಲಿಲ್ಲ. ಡ್ಯಾಶ್‌ಬೋರ್ಡ್ ತೆರೆದರೆ ನನ್ನ ಹಾಡಿಗೆ ಅತಿ ಹೆಚ್ಚು ಕೇಳುಗರಿದ್ದ ಊರು ಮೈಸೂರಲ್ಲ, ಧಾರವಾಡವಲ್ಲ, ಅಮೆರಿಕದ ಆ್ಯಶ್‌ಬರ್ನ್. ಡೇಟಾ ಸೆಂಟರ್‌ಗಳಿಗೆ ಹೆಸರಾದ ಊರದು. ಅಲ್ಲಿ ಕನ್ನಡದವರೂ ಇದ್ದಾರು. ಆದರೆ ಒಂದೇ ಭಾವಗೀತೆಗೆ ಊರೇ ಮುಗಿಬೀಳುವಷ್ಟು ಇರಲಾರರು. ಹಾಡನ್ನು ಲೈಬ್ರರಿಗೆ ಸೇರಿಸಿಕೊಂಡವರು ಬೆರಳೆಣಿಕೆಯಷ್ಟು. 30 ಸೆಕೆಂಡ್ ಓಡಿದರೆ ಪ್ಲೇ ಲೆಕ್ಕಕ್ಕೆ ಸಿಗುತ್ತದೆ. ಯಂತ್ರಕ್ಕೆ ಅಷ್ಟು ಸಾಕು, ಚರಣದವರೆಗೆ ಯಾಕೆ ಕಾಯಬೇಕು? ಮುಂದಿನ ಸ್ಟೇಟ್‌ಮೆಂಟಿನಲ್ಲಿ ಆ ಪ್ಲೇಗಳೆಲ್ಲ ಮಾಯ, ಮೇಲೆ ದಂಡ. ಕೃತಕ ಪ್ಲೇಗೆ ಸ್ಟ್ರೀಮಿಂಗ್‌ನವರು ವಿತರಕರಿಗೆ ದಂಡ ಹಾಕುತ್ತಾರೆ, ವಿತರಕರು ಅದನ್ನು ನಮ್ಮ ಲೆಕ್ಕಕ್ಕೆ ಬರೆಯುತ್ತಾರೆ. ಪ್ರಮೋಷನ್‌ನವರನ್ನು ಕೇಳಿದರೆ "ಆರ್ಗ್ಯಾನಿಕ್ ರೀಚ್" ಅಂತ ಏನೇನೋ ಹೇಳಿದರು. ಇಂತಿಷ್ಟು ಪ್ಲೇ ಗ್ಯಾರಂಟಿ ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿ. ಕಾಫಿಯನ್ನೂ ಕೊಡಬೇಡಿ.

ಅದಿರಲಿ, ನಾವು ಹಾಡುವವರು ಪ್ರಚಾರಕ್ಕೆ ಸಾವಿರಗಟ್ಟಲೆ ಸುರಿಯುತ್ತೇವೆ, ಒಂದು ಅರ್ಜಿ ತುಂಬಲು ಮಾತ್ರ ಬೇಜಾರು. ಮೇಲೆ ಹೇಳಿದ ಸಾಹಿತ್ಯ, ಸಂಯೋಜನೆಯ ಪಾಲು ನಿಮ್ಮ ಕೈಸೇರಲು ಅದನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಬೇಕು, ಹಾಡುಗಳನ್ನು ಅಲ್ಲಿ ನೋಂದಾಯಿಸಿರಬೇಕು. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ ಬರೆದವರು, ಸ್ವರ ಹಾಕಿದವರು ಆಡಿಯೊ ಕಂಪನಿಗೆ ಹಕ್ಕು ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುವಂತಿಲ್ಲ. ಕಾನೂನು ಕೊಟ್ಟದ್ದನ್ನು ಹೋಗಿ ಕೇಳುವವರೇ ಕಡಿಮೆ. ನಮ್ಮ ಮೇಷ್ಟ್ರು "ಪದ್ಯಕ್ಕೂ ದುಡ್ಡು ಕೊಡ್ತಾರಾ?" ಅಂದರು. ರೆಕಾರ್ಡಿಂಗ್ ದಿನವೇ ಸ್ಟುಡಿಯೋದಲ್ಲಿ ಒಂದು ಹಾಳೆ ತೆಗೆದುಕೊಂಡು ಸಾಹಿತ್ಯ ಯಾರದು, ಸಂಯೋಜನೆ ಯಾರದು, ವಾದ್ಯದವರಿಗೆ ಒಂದೇ ಸಲದ ಸಂಭಾವನೆಯೋ ಪಾಲೋ ಬರೆದು ಎಲ್ಲರಿಂದಲೂ ಸಹಿ ಹಾಕಿಸಿ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಎಲ್ಲ ಕಡೆಯೂ ಒಂದೇ ಇರಲಿ. ಇಲ್ಲದಿದ್ದರೆ ನಿಮ್ಮ ದುಡ್ಡು ವಾರಸುದಾರರಿಲ್ಲದ ಖಾತೆಯಲ್ಲಿ ಕೂರುತ್ತದೆ.

ಲಕ್ಷ ಪ್ಲೇಯ 8,000ಕ್ಕಿಂತ ಗಣೇಶೋತ್ಸವದ ಒಂದು ಸಂಜೆಯ ಕಛೇರಿಯಲ್ಲಿ ಪಕ್ಕವಾದ್ಯದವರಿಗೆ ಕೊಟ್ಟ ಮೇಲೂ ನನಗೆ ಹೆಚ್ಚು ಉಳಿಯುತ್ತದೆ. ಆ ಪೆಂಡಾಲಿಗೆ ನನ್ನನ್ನು ಕರೆಯುವವರು ಹಾಡು ಕೇಳಿದ್ದು ಮೊಬೈಲಿನಲ್ಲೇ ಅನ್ನುವುದೂ ನಿಜ. ಹಾಗಾಗಿ ಸ್ಟ್ರೀಮಿಂಗ್ ಬಿಡುವುದಿಲ್ಲ. ಮುಂದಿನ ಹಾಡಿಗೆ ಪ್ರಚಾರದ ಬಾಬ್ತು ಸೊನ್ನೆ. ಕೀಬೋರ್ಡಿನಲ್ಲಿ ಪಿಟೀಲು ನುಡಿಸುವ ಬದಲು ಪಿಟೀಲಿನವರನ್ನೇ ಕರೆಸುತ್ತಿದ್ದೇನೆ. ಆ ದುಡ್ಡೂ ಪ್ಲೇಗಳಿಂದ ಹುಟ್ಟುವುದಿಲ್ಲ, ಗೊತ್ತು.