ಚಿಗಟಗಳ ಉಪದ್ರವವೂ ಮನೆಯಲ್ಲಿಯೇ ದೊರೆಯುವ ನಿವಾರಣೋಪಾಯಗಳೂ

(ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಗ್ರಾಮಮುಖಂಡರಿಗೂ ಭೂಮಾಲೀಕರಿಗೂ)

ಹೊಲದ ಪೈರಿಗೆ ಹುಳು ಬಿದ್ದರೆ ರೈತನು ಆ ದಿನವೇ ಎಚ್ಚರಗೊಳ್ಳುವನು. ಕೊಟ್ಟಿಗೆಯಲ್ಲಿ ಚಿಗಟ ಹೆಚ್ಚಿದರೆ ಮಾತ್ರ, ಮಳೆಗಾಲ ಕಳೆದ ಮೇಲೆ ತಾನೇ ಹೋಗುವುದೆಂದು ಸುಮ್ಮನಿರುವುದು ವಾಡಿಕೆ. ಈ ಉಪೇಕ್ಷೆಯಿಂದಾಗುವ ನಷ್ಟವು ಅಲ್ಪವಲ್ಲ. ಆಡುಕುರಿಗಳ ಎಳೆಮರಿಯ ಮೈಮೇಲೆ ಚಿಗಟಗಳು ಗುಂಪುಗೂಡಿ ಹಗಲಿರುಳು ರಕ್ತವನ್ನು ಹೀರಿದರೆ, ಅದರ ವಸಡೂ ಕಣ್ಣಿನ ಒಳರೆಪ್ಪೆಯೂ ಬಿಳಿಚಿಕೊಂಡು, ಹಾಲು ಕುಡಿಯಲೂ ತ್ರಾಣವಿಲ್ಲದೆ ಮರಿಯು ಸಾಯುವುದುಂಟು. ಕುಷ್ಟಗಿ, ಯಲಬುರ್ಗಾಗಳಂತಹ ಮಳೆಯನ್ನೇ ನಂಬಿದ ಸೀಮೆಯಲ್ಲಿ ಬೆಳೆ ಕೈಕೊಟ್ಟ ವರ್ಷ ಸಂಸಾರಕ್ಕೆ ಆಧಾರವಾಗುವುದು ಕುರಿಮಂದೆಯೇ. ಆದಕಾರಣ ಈ ಸಣ್ಣ ಶತ್ರುವಿನ ಸ್ವಭಾವವನ್ನು ತಿಳಿಯುವುದು ಪ್ರತಿಯೊಬ್ಬ ಒಡೆಯನಿಗೂ ಅವಶ್ಯಕ.

ಚಿಗಟದ ಜೀವನಕ್ರಮ

ಚಿಗಟವು ಸುಮಾರು 2 ಮಿಲಿಮೀಟರು ಉದ್ದದ, ರೆಕ್ಕೆಯಿಲ್ಲದ, ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ ಕಂದು ಬಣ್ಣದ ಕೀಟವು. ರಕ್ತವನ್ನು ಕುಡಿದ ಎರಡು ಮೂರು ದಿನಗಳಲ್ಲಿ ಹೆಣ್ಣು ತತ್ತಿಯಿಡಲಾರಂಭಿಸುತ್ತದೆ. ನಾಯಿಬೆಕ್ಕುಗಳ ಮೇಲಿರುವ ಒಂದು ಜಾತಿಯ ಹೆಣ್ಣು ದಿನಕ್ಕೆ 40ರವರೆಗೂ ತತ್ತಿಗಳನ್ನಿಡಬಲ್ಲದು. ಈ ತತ್ತಿಗಳು ಪ್ರಾಣಿಯ ಕೂದಲಿಗೆ ಅಂಟಿಕೊಳ್ಳದೆ ಅದು ಮಲಗಿದಲ್ಲಿಯೇ ಉದುರುತ್ತವೆ. ಎರಡರಿಂದ ಹತ್ತು ದಿನಗಳೊಳಗೆ ತತ್ತಿಯೊಡೆದು ಹೊರಬಂದ ಮರಿಹುಳುಗಳು ಬೆಳಕಿಗೆ ಹೆದರಿ ನೆಲದ ಬಿರುಕು, ಹಾಸುಗಲ್ಲಿನ ಸಂದು, ಗೊಬ್ಬರದ ಪುಡಿ, ಹಳೆಯ ಕೌದಿಗಳ ಮಡಿಕೆ ಮೊದಲಾದ ಕಡೆ ಅಡಗಿ, ದೊಡ್ಡ ಚಿಗಟಗಳ ಹಿಕ್ಕೆಯಲ್ಲಿರುವ ಒಣರಕ್ತವನ್ನು ತಿಂದು ಬೆಳೆಯುತ್ತವೆ. ಅನಂತರ ಹುಳುವು ತನ್ನ ಸುತ್ತಲೂ ಗೂಡನ್ನು ನೇಯ್ದುಕೊಂಡು, ಅದಕ್ಕೆ ಮಣ್ಣಿನ ಕಣಗಳನ್ನು ಮೆತ್ತಿಕೊಂಡು ಮಲಗುವುದು. ಹೊರಬರಲು ಅನುಕೂಲವಾದರೆ ಒಂದೆರಡು ವಾರಗಳಲ್ಲಿಯೂ, ಇಲ್ಲವಾದರೆ ಕೆಲವು ತಿಂಗಳುಗಳ ಮೇಲೆಯೂ ಅದರಿಂದ ಚಿಗಟವು ಹುಟ್ಟುತ್ತದೆ.

ನೆಲದ ಅದುರುವಿಕೆ, ಮೈಯ ಶಾಖ, ಉಸಿರು, ಇವೇ ಗೂಡಿನೊಳಗಿನ ಚಿಗಟಕ್ಕೆ ಹೊರಬರಲು ಸಂಕೇತವು. ಗುಳೆ ಹೋದ ಕುಟುಂಬವು ತಿಂಗಳುಗಳ ಮೇಲೆ ಹಿಂದಿರುಗಿ ಬೀಗ ತೆಗೆದೊಡನೆ ಚಿಗಟಗಳು ಮುತ್ತಿಕೊಳ್ಳುವ ಕಾರಣವು ಇದೇ. ಯಾರೂ ಇಲ್ಲದ ಮನೆಗೆ ಅವು ಹೊರಗಿನಿಂದ ಬಂದವಲ್ಲ, ಒಳಗೇ ಕಾದಿದ್ದವು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದು, ಕಣ್ಣಿಗೆ ಕಾಣುವ ಚಿಗಟಗಳಿಗಿಂತ ನೆಲದಲ್ಲಿ ಅಡಗಿರುವ ಸಂತತಿಯೇ ಬಹುಪಾಲು. ಪ್ರಾಣಿಯ ಮೈಗೆ ಮಾತ್ರ ಔಷಧ ಹಚ್ಚಿದರೆ ಪ್ರಯೋಜನವಿಲ್ಲ. ಎರಡನೆಯದು, ಗೂಡಿನಲ್ಲಿರುವುದನ್ನು ಯಾವ ಕಷಾಯವೂ ಸುಲಭವಾಗಿ ಮುಟ್ಟಲಾರದು. ಆದ್ದರಿಂದ ಒಂದು ಸಲ ಮಾಡಿದ ಉಪಾಯವು ಸಾಲದು.

ಕಾಲ ಮತ್ತು ಸ್ಥಳ

ಚಿಗಟದ ಮರಿಹುಳುಗಳಿಗೆ ತೇವವೂ ನೆರಳೂ ಬೇಕು. ಬೇಸಿಗೆಯ ಉರಿಬಿಸಿಲಿಗೆ ಸಿಕ್ಕಿದವು ಒಣಗಿ ಸಾಯುತ್ತವೆ. ಆದುದರಿಂದ ಒಣಸೀಮೆಯ ಗ್ರಾಮಗಳಲ್ಲಿ ಮೃಗಶಿರ ಮಳೆಯಿಂದ ದೀಪಾವಳಿಯವರೆಗೆ ವಿಶೇಷ ಜಾಗರೂಕತೆ ಇರತಕ್ಕದ್ದು. ಗಂಗಾವತಿಯ ಕಾಲುವೆ ಪ್ರದೇಶದ ಸಂಗತಿ ಬೇರೆ. 1953ರಿಂದ ತುಂಗಭದ್ರೆಯ ನೀರು ಹರಿದು ಭತ್ತದ ಗದ್ದೆಗಳಾದ ಊರುಗಳಲ್ಲಿ, ತೇವದ ಕೊಟ್ಟಿಗೆಯಲ್ಲಿ ನೆಲ್ಲುಹುಲ್ಲಿನ ಹಾಸಿಗೆಯನ್ನು ಬಹುದಿನ ಬದಲಿಸದೆ ಬಿಟ್ಟರೆ ಋತುವನ್ನು ನೋಡದೆ ಚಿಗಟವು ಬೆಳೆಯಬಹುದು.

ಪರೀಕ್ಷೆಯ ಕ್ರಮ

ಮೊಣಕಾಲಿನವರೆಗೆ ಬಿಳಿಯ ಬಟ್ಟೆಯನ್ನು ಸುತ್ತಿಕೊಂಡು ಕೊಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ನಡೆದಾಡಿದರೆ, ಹಾರಿಬಂದ ಚಿಗಟಗಳು ಕರಿಯ ಚುಕ್ಕೆಗಳಂತೆ ಕಾಣುವುವು. ಪ್ರಾಣಿಯ ಕೂದಲನ್ನು ಬಾಚಿ ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಿರಿ. ಅದು ಕೆಂಪಾಗಿ ಹರಡಿದರೆ ಚಿಗಟದ ಹಿಕ್ಕೆಯೆಂದೂ, ಹರಡದಿದ್ದರೆ ಬರಿಯ ಮಣ್ಣೆಂದೂ ತಿಳಿಯಬೇಕು.

ನಿವಾರಣೋಪಾಯಗಳು

1. ಶುಚಿ. ಇದೇ ಮುಖ್ಯವಾದ ಔಷಧವು. ಕೊಟ್ಟಿಗೆಯ ಕಸವನ್ನೂ ಹಾಸಿಗೆಯ ಹುಲ್ಲನ್ನೂ ಮೂಲೆಮೂಲೆಯಿಂದ ಗುಡಿಸಿ ತೆಗೆದು, ಊರ ಬೀದಿಯಲ್ಲಿ ಚೆಲ್ಲದೆ ತಿಪ್ಪೆಗುಂಡಿಯ ನಡುವೆ ಹಾಕಿ ಮೇಲೆ ಸಗಣಿ ಮುಚ್ಚಬೇಕು. ಗೊಬ್ಬರವು ಕೊಳೆಯುವಾಗ ಹುಟ್ಟುವ ಕಾವಿಗೆ ಹುಳುಗಳು ಸಾಯುವುವು. ಮಣ್ಣಿನ ನೆಲದ ಬಿರುಕುಗಳನ್ನು ಮುಚ್ಚಿ ಗಟ್ಟಿಯಾಗಿ ಸಾರಿಸಿರಿ. ಹಾಸುಗಲ್ಲಿನ ಸಂದುಗಳಿಗೆ ಕುದಿಯುವ ನೀರನ್ನು ಸುರಿದು, ಒಣಗಿದ ಮೇಲೆ ಗಾರೆ ತುಂಬಿರಿ.

2. ಬಿಸಿಲು. ಕೌದಿ, ಕಂಬಳಿ, ಗೋಣಿತಟ್ಟುಗಳನ್ನು ವಾರಕ್ಕೊಮ್ಮೆ ಝಾಡಿಸಿ, ನಡುಹಗಲಿನ ಬಿಸಿಲಿನಲ್ಲಿ ಮಗುಚಿ ಮಗುಚಿ ಒಣಗಿಸತಕ್ಕದ್ದು. ಒಗೆಯಬಹುದಾದುದನ್ನು ಬಿಸಿನೀರಿನಲ್ಲಿ ಒಗೆಯಿರಿ.

3. ಬೇವು. ಬೇವಿನ ಬೀಜದ ತಿರುಳಿನಲ್ಲಿರುವ ಸತ್ವವು ಮರಿಹುಳುವಿನ ಬೆಳವಣಿಗೆಯನ್ನು ತಡೆಯುವುದು. 50 ಗ್ರಾಂ ತಿರುಳನ್ನು ಕುಟ್ಟಿ 1 ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬೆಳಿಗ್ಗೆ ಶೋಧಿಸಿ, ಸ್ವಲ್ಪ ಸಾಬೂನು ಕರಗಿಸಿ ನೆಲಕ್ಕೂ ಗೋಡೆಯ ಬುಡಕ್ಕೂ ಚಿಮುಕಿಸಿರಿ. ಬೆಳಕಿಗೆ ಇದರ ಶಕ್ತಿ ಬೇಗ ಕುಂದುವುದರಿಂದ ಪ್ರತಿಸಲವೂ ಹೊಸದಾಗಿ ಮಾಡಬೇಕು. ಬರಿಯ ಬೇವಿನ ಸೊಪ್ಪನ್ನು ಹಾಸುವುದರಿಂದ ಚಿಗಟವು ಸ್ವಲ್ಪ ದೂರವಾಗಬಹುದೇ ಹೊರತು ನಾಶವಾಗದು.

4. ಸಾಬೂನು ಮತ್ತು ಬಾಚಣಿಗೆ. ನಾಯಿಯನ್ನು ಬಿಸಿಲೇರಿದ ಮೇಲೆ, ಮೊದಲು ಕತ್ತಿನ ಸುತ್ತ ನೊರೆ ಮಾಡಿ, ಬಳಿಕ ಮೈಯೆಲ್ಲ ಸಾಬೂನಿನಿಂದ ತೊಳೆಯಬೇಕು. ಹೀಗೆ ಮಾಡಿದರೆ ಚಿಗಟಗಳು ತಲೆಯ ಕಡೆಗೆ ಓಡಲಾರವು. ಎಳೆಮರಿಗಳನ್ನು ತೋಯಿಸಿದರೆ ಚಳಿ ಹಿಡಿಯುವುದು. ಅವುಗಳನ್ನು ಹೇನು ತೆಗೆಯುವ ಸಣ್ಣಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದುದನ್ನು ಸಾಬೂನು ನೀರಿನಲ್ಲಿ ಮುಳುಗಿಸಿರಿ.

5. ದೀಪ. ರಾತ್ರಿ ಕತ್ತಲೆಯ ಕೋಣೆಯಲ್ಲಿ ಸಾಬೂನು ನೀರಿನ ಅಗಲವಾದ ತಟ್ಟೆಯನ್ನು ನೆಲದ ಮೇಲಿಟ್ಟು, ಅದರ ಮೇಲ್ಗಡೆ ದೀಪವನ್ನು ತೂಗಬಿಟ್ಟರೆ ಕೆಲವು ಚಿಗಟಗಳು ಹಾರಿ ಬೀಳುತ್ತವೆ. ಇದರಿಂದ ಸಂಪೂರ್ಣ ನಿವಾರಣೆಯಾಗದು. ಆದರೆ ದಿನದಿನವೂ ಬಿದ್ದವನ್ನು ಎಣಿಸಿದರೆ ನಮ್ಮ ಕೆಲಸವು ಫಲಿಸುತ್ತಿದೆಯೋ ಇಲ್ಲವೋ ತಿಳಿಯುವುದು.

6. ದೊಡ್ಡಿಯ ಸ್ಥಳಾಂತರ. ಕುರಿಮಂದೆಯನ್ನು ಹೊಲದಲ್ಲಿ ನಿಲ್ಲಿಸುವ ಪುರಾತನ ಪದ್ಧತಿಯು ಗೊಬ್ಬರಕ್ಕೆ ಮಾತ್ರವಲ್ಲದೆ ಇದಕ್ಕೂ ಉತ್ತಮವು. ತತ್ತಿಯು ಚಿಗಟವಾಗಲು ಕನಿಷ್ಠ ಎರಡು ವಾರಗಳಾದರೂ ಬೇಕು. ಮಂದೆಯು ಎರಡು ಮೂರು ರಾತ್ರಿಗಳಲ್ಲಿ ಮುಂದಕ್ಕೆ ಸಾಗಿದರೆ ಹುಟ್ಟಿದ ಚಿಗಟಗಳಿಗೆ ಆಹಾರವೇ ದೊರೆಯದು. ಮರಿಗಳನ್ನು ಒಂದೇ ಗೂಡಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ.

ನೆಲವನ್ನೂ ಪ್ರಾಣಿಗಳನ್ನೂ ಒಂದೇ ದಿನ ಶುದ್ಧಿಮಾಡಿ, ಎಂಟು ದಿನಗಳಿಗೊಮ್ಮೆ ಆರು ಸಲವಾದರೂ ಇದೇ ಕ್ರಮವನ್ನು ಪುನಃ ಮಾಡತಕ್ಕದ್ದು. ಎರಡನೆಯ ವಾರ ಹೊಸ ಚಿಗಟಗಳು ಕಂಡರೆ ಧೈರ್ಯಗೆಡಬಾರದು. ಅವು ಗೂಡಿನಿಂದ ಹೊರಬಂದವು.

ಮಾಡಕೂಡದ ಕೆಲಸಗಳು

ಹೊಗೆಸೊಪ್ಪಿನ ಕಷಾಯವನ್ನು ಮೈಗೆ ಹಚ್ಚುವುದು ಅಪಾಯಕರ; ಅದರ ವಿಷವು ಚರ್ಮದ ಮೂಲಕ ಏರಿ ಮರಿಯನ್ನೇ ಕೊಲ್ಲಬಲ್ಲದು. ಸೀತಾಫಲದ ಬೀಜದ ಪುಡಿಯು ಕಣ್ಣಿಗೆ ಬಿದ್ದರೆ ಕಣ್ಣು ಕೆಡುವುದು. ಸೀಮೆಎಣ್ಣೆಯು ಚರ್ಮವನ್ನು ಸುಡುವುದಲ್ಲದೆ ಬೆಂಕಿಯ ಭಯವೂ ಉಂಟು. ಬೆಳ್ಳುಳ್ಳಿಯನ್ನು ತಿನ್ನಿಸಿದರೆ ಚಿಗಟ ಓಡುವುದೆಂಬ ಮಾತಿಗೆ ಆಧಾರವಿಲ್ಲ; ನಾಯಿಬೆಕ್ಕುಗಳಿಗೆ ಅದು ಕೇಡು. ಬೆಕ್ಕು ಮೈಯನ್ನು ನೆಕ್ಕಿಕೊಳ್ಳುವ ಪ್ರಾಣಿಯಾದುದರಿಂದ ಅದಕ್ಕೆ ಯಾವ ಎಣ್ಣೆಯನ್ನೂ ಹಚ್ಚಕೂಡದು. ಹೊಲಕ್ಕೆ ತಂದ ಕೀಟನಾಶಕವನ್ನು ಪ್ರಾಣಿಗಳ ಮೈಗೆ ಎಂದಿಗೂ ಬಳಸಬೇಡಿರಿ. ವಸಡು ಬಿಳಿಚಿದ ಮರಿಯನ್ನು ಮನೆಮದ್ದಿನಲ್ಲಿ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಇಲಿಯ ಚಿಗಟ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರೊಳಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ಇಲಿಯಿಂದ ಇಲಿಗೂ ಮನುಷ್ಯನಿಗೂ ಆ ರೋಗವನ್ನು ಒಯ್ಯುವುದು ಚಿಗಟವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸೀಮಾಂಡರು 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಹಿರಿಯರ ನಡೆಯು ಅರ್ಥವಿಲ್ಲದ್ದಾಗಿರಲಿಲ್ಲ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಮೈಯನ್ನು ಹುಡುಕುವುವು. ಇಂದು ಅದಕ್ಕೆ ಔಷಧವುಂಟು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ರೋಗಿಯು ಉಳಿಯುವನು. ಆದರೂ ಕಾರಣವಿಲ್ಲದೆ ಇಲಿಗಳು ಒಂದರ ಹಿಂದೊಂದು ಸತ್ತುಬಿದ್ದರೆ, ಬರಿಗೈಯಿಂದ ಮುಟ್ಟದೆ, ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸತಕ್ಕದ್ದು. ಚಿಗಟವಿರುವ ಮನೆಯಲ್ಲಿ ಮೊದಲು ಚಿಗಟವನ್ನು ಕಳೆದು, ಆಮೇಲೆ ಇಲಿಯನ್ನು ಕೊಲ್ಲುವುದೇ ಸರಿಯಾದ ಕ್ರಮವು.

ಗ್ರಾಮಮುಖಂಡರ ಕರ್ತವ್ಯ

ಒಬ್ಬನ ಕೊಟ್ಟಿಗೆ ಶುದ್ಧವಾಗಿದ್ದು ನೆರೆಯವನದು ಹೊಲಸಾಗಿದ್ದರೆ, ಊರನಾಯಿಯೂ ಇಲಿಯೂ ಚಿಗಟಗಳನ್ನು ಇಲ್ಲಿಂದಲ್ಲಿಗೆ ಹಂಚುವುವು. ಆದುದರಿಂದ ಊರಿನ ಹಿರಿಯರು ಮುಂಗಾರಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಎಲ್ಲ ಮನೆಗಳ ಕೊಟ್ಟಿಗೆಗಳನ್ನೂ ಅಂದೇ ಶುದ್ಧಿಮಾಡಿಸಬೇಕು. ಗುಳೆ ಹೋದವರ ಮನೆಗಳನ್ನು ಅವರು ಬರುವ ಮೊದಲೇ, ಅವರ ಬಂಧುಗಳ ಮೂಲಕ ತೆರೆಸಿ ಗುಡಿಸಿ ಬಿಸಿನೀರು ಹಾಕಿಸುವುದು ಪುಣ್ಯದ ಕೆಲಸವು. ಬೇವಿನ ಹಣ್ಣು ಉದುರುವ ಕಾಲದಲ್ಲಿ ಬೀಜವನ್ನು ಕೂಡಿಸಿ, ನೆರಳಿನಲ್ಲಿ ಒಣಗಿಸಿಟ್ಟರೆ ಊರಿಗೆಲ್ಲ ಒಂದು ವರ್ಷಕ್ಕಾಗುವಷ್ಟು ಔಷಧವು ಖರ್ಚಿಲ್ಲದೆ ದೊರೆಯುವುದು. ಭೂಮಾಲೀಕರು ತಮ್ಮ ಕೊಟ್ಟಿಗೆಯಿಂದಲೇ ಈ ಕಾರ್ಯವನ್ನು ಆರಂಭಿಸಿದರೆ ಉಳಿದವರು ಹೇಳಿಸಿಕೊಳ್ಳದೆ ಅನುಸರಿಸುವರು.