ಓದಿನ ಊರಿನಲ್ಲಿ ನೆಲೆ: ವಿದ್ಯಾರ್ಥಿ ತಿಳಿದಿರಬೇಕಾದ ಕಾಯಿದೆ

ಉನ್ನತ ವ್ಯಾಸಂಗಕ್ಕಾಗಿ ಹುಟ್ಟೂರನ್ನು ಬಿಟ್ಟು ಧಾರವಾಡಕ್ಕೋ ಮೈಸೂರಿಗೋ ಬೆಂಗಳೂರಿಗೋ ಹೊರಡುವ ತರುಣ ತರುಣಿಯರು ಯಾವ ಬಡಾವಣೆಯಲ್ಲಿ ಬಾಡಿಗೆ ಕಡಿಮೆ, ಎಲ್ಲಿಂದ ಬಸ್ಸು ಸಲೀಸು, ಯಾವ ಮೆಸ್ಸಿನ ಊಟ ಮೈಗೆ ಹಿಡಿಯುವುದು ಎಂಬುದನ್ನೆಲ್ಲ ಹಿರಿಯ ಸಹಪಾಠಿಗಳಿಂದ ಸವಿಸ್ತಾರವಾಗಿ ಕೇಳಿಕೊಳ್ಳುತ್ತಾರೆ. ಆದರೆ ಆ ಊರಿನಲ್ಲಿ ತಮಗೆ ನ್ಯಾಯತಃ ಸಲ್ಲುವ ಸ್ಥಾನವಾವುದೆಂದು ವಿಚಾರಿಸುವವರು ವಿರಳ. ಸಂವಿಧಾನದ 19ನೆಯ ಅನುಚ್ಛೇದವು ದೇಶದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಗೊಳ್ಳುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬ ಪೌರನಿಗೂ ಇತ್ತಿದೆ. ಓದಲು ಬಂದವನು ನಾಲ್ಕು ದಿನದ ಅತಿಥಿ, ಅವನಿಗೆ ಊರಿನ ಮೇಲೆ ಯಾವ ಹಕ್ಕೂ ಇಲ್ಲ ಎಂಬ ಭಾವನೆ ಜನಮನದಲ್ಲಿ ಎಷ್ಟೇ ಬೇರೂರಿದ್ದರೂ ಅದಕ್ಕೆ ಕಾಯಿದೆಯ ಆಧಾರವಿಲ್ಲ.

ಧಾರವಾಡದ ಸಪ್ತಾಪುರದಂತಹ ಭಾಗದಲ್ಲಿ ಇಬ್ಬರು ಸೇರಿ ಒಂದು ಕೊಠಡಿ ಹಿಡಿದರೆಂದು ಇಟ್ಟುಕೊಳ್ಳೋಣ. ಮಾಲೀಕರು ಮುಂದಿಡುವುದು ಪ್ರಾಯಶಃ ಹನ್ನೊಂದು ತಿಂಗಳ ಕರಾರುಪತ್ರ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಕಡ್ಡಾಯವಾಗಿ ನೋಂದಾಯಿಸತಕ್ಕದ್ದಾಗಿರುವುದೇ ಈ ಹನ್ನೊಂದರ ಮೂಲ. ಆ ಪತ್ರಕ್ಕೆ ಸಹಿ ಹಾಕುವವರಿಗೆ ಹದಿನೆಂಟು ತುಂಬಿರಬೇಕು; ತುಂಬದಿದ್ದರೆ ತಂದೆತಾಯಿಯರು ಸಹಿ ಮಾಡತಕ್ಕದ್ದು, ಏಕೆಂದರೆ ಅಪ್ರಾಪ್ತವಯಸ್ಕನು ಮಾಡಿಕೊಂಡ ಕರಾರು ಅನೂರ್ಜಿತವಾಗುತ್ತದೆ. ಮುಂಗಡ ಹಣವೆಷ್ಟು, ಮನೆ ಬಿಟ್ಟ ಎಷ್ಟು ದಿನಗಳೊಳಗೆ ಅದು ಹಿಂದಿರುಗತಕ್ಕದ್ದು, ಸುಣ್ಣಬಣ್ಣದ ಬಾಬ್ತು ಎಷ್ಟು ಮುರಿದುಕೊಳ್ಳಬಹುದು, ಅವಧಿಗೆ ಮುಂಚೆ ಹೊರಟರೆ ದಂಡವುಂಟೇ ಎಂಬ ನಾಲ್ಕು ಸಂಗತಿಗಳನ್ನು ಬಾಯಿಮಾತಿಗೆ ಬಿಡದೆ ಬರೆಯಿಸಿಕೊಳ್ಳುವುದು ಅತ್ಯವಶ್ಯಕ. ಕೊಠಡಿಗೆ ಕಾಲಿಟ್ಟ ದಿನವೇ ಒಡೆದ ನಲ್ಲಿ, ಬಿರುಕು ಬಿಟ್ಟ ಕಿಟಕಿಯ ಗಾಜು, ಗೋಡೆಯ ತೇವದ ಕಲೆ ಇವುಗಳ ಚಿತ್ರ ತೆಗೆದು ಮಾಲೀಕರಿಗೆ ಕಳುಹಿಸಿಟ್ಟವನು ಹೊರಡುವ ದಿನ ವಾಗ್ವಾದಕ್ಕೆ ಸಿಲುಕುವುದಿಲ್ಲ. ಪತ್ರದಲ್ಲಿ ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ತಿಂಗಳ ಬಾಡಿಗೆಯ ವಾಸವನ್ನು ಕೊನೆಗಾಣಿಸಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಪ್ರಕರಣವು ಹದಿನೈದು ದಿನಗಳ ನೋಟೀಸನ್ನು ವಿಧಿಸಿದೆ. ಬಾಡಿಗೆದಾರನು ಊರಿಗೆ ಹೋಗಿದ್ದ ಸಮಯ ನೋಡಿ ಬೀಗ ಬದಲಿಸಿ ಸಾಮಾನನ್ನು ಹೊರಗೆ ಹಾಕುವುದು ಅಕ್ರಮ. ಅಂತಹ ಸಂದರ್ಭದಲ್ಲಿ ಆರು ತಿಂಗಳೊಳಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಲ್ಲಿ ಮಾರ್ಗವಿದೆ.

ಊಟ, ವಸತಿ ಎರಡನ್ನೂ ಒದಗಿಸುವ ಪಿ.ಜಿ.ಯ ಸ್ಥಿತಿ ಬೇರೆ. ಅಲ್ಲಿರುವವನು ಸಾಮಾನ್ಯವಾಗಿ ಬಾಡಿಗೆದಾರನೆನಿಸುವುದಿಲ್ಲ, ಮಾಲೀಕರ ಅನುಮತಿಯ ಮೇಲೆ ವಾಸಿಸುವವನು. ಆದರೂ ಹಣಕೊಟ್ಟು ಸೇವೆ ಪಡೆಯುವ ಗ್ರಾಹಕನಾದುದರಿಂದ, ಹೇಳಿದ ಸೌಕರ್ಯ ಕೊಡದಿದ್ದರೆ, ಠೇವಣಿಯನ್ನು ಅನ್ಯಾಯವಾಗಿ ಹಿಡಿದಿಟ್ಟುಕೊಂಡರೆ, ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮಾಡಿರುವ ಒಂದು ಉಪಕಾರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕೆನಿಸುತ್ತದೆ: ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು; ಆದಕಾರಣ ಬೆಂಗಳೂರಿನ ಪಿ.ಜಿ.ಯನ್ನು ಬಿಟ್ಟು ಹಾವೇರಿಯ ಮನೆಗೆ ಮರಳಿದ ವಿದ್ಯಾರ್ಥಿನಿಯು ಠೇವಣಿಗಾಗಿ ಮತ್ತೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಸಲಹೆಗಾಗಿ 1915 ಎಂಬ ಸಹಾಯವಾಣಿಯೂ ಇದೆ.

ಇನ್ನು ಮತದಾನದ ವಿಚಾರ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಗಹನವಾದುದು, ಮತ್ತು ಇದರಲ್ಲಿಯೇ ಅಲಕ್ಷ್ಯ ಅಧಿಕ. ಹಾಸ್ಟೆಲಿನಲ್ಲಿಯೋ ಕೊಠಡಿಯಲ್ಲಿಯೋ ಇದ್ದು ಕನಿಷ್ಠ ಒಂದು ವರ್ಷ ಅವಧಿಯ, ಮಾನ್ಯತೆಯುಳ್ಳ ವ್ಯಾಸಂಗ ಮಾಡುವವನು ತಂದೆತಾಯಿಯರ ಊರಿನಲ್ಲಾಗಲಿ ಓದುವ ಊರಿನಲ್ಲಾಗಲಿ ತನ್ನ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಬಹುದೆಂದು ಚುನಾವಣಾ ಆಯೋಗವು ಆಯ್ಕೆಯನ್ನು ಅವನಿಗೇ ಬಿಟ್ಟಿದೆ. ಹೊಸದಾಗಿ ಸೇರುವವರಿಗೆ ನಮೂನೆ 6, ಇರುವ ಹೆಸರನ್ನು ವರ್ಗಾಯಿಸುವವರಿಗೆ ನಮೂನೆ 8. ಹೊಸದಾಗಿ ಸೇರುವಾಗ ಪ್ರಾಂಶುಪಾಲರ ಅಥವಾ ಕುಲಸಚಿವರ ವ್ಯಾಸಂಗ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಎರಡೂ ಊರಿನಲ್ಲಿ ಹೆಸರಿಟ್ಟುಕೊಳ್ಳುವುದು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಗೆ ವಿರುದ್ಧ. ಅದಕ್ಕಾಗಿ ಸುಳ್ಳು ಘೋಷಣೆ ಮಾಡಿದವರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ವರ್ಷದಲ್ಲಿ ಹತ್ತು ತಿಂಗಳು ಯಾವ ಊರಿನ ನೀರು ಕುಡಿದು, ಯಾವ ಊರಿನ ಬೀದಿಯಲ್ಲಿ ರಾತ್ರಿ ನಡೆದು ಹೋಗುವೆವೋ ಆ ಊರಿನ ದೀಪ, ಚರಂಡಿ, ಬಸ್ಸುಗಳ ಕುರಿತು ನಮ್ಮ ಮಾತಿಗೂ ಬೆಲೆ ಬರಬೇಕೆನ್ನುವವರು ಓದುವ ಊರನ್ನೇ ಆರಿಸಿಕೊಳ್ಳುವುದು ಯುಕ್ತ.

ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರು ಮೈಸೂರಿಗೋ ಮಂಗಳೂರಿಗೋ ಓದಲು ಹೋದ ಮಾತ್ರಕ್ಕೆ ಶಿಕ್ಷಣ, ಉದ್ಯೋಗಗಳ ಮೀಸಲಾತಿಗೆ ಬೇಕಾದ, ಸಂವಿಧಾನದ 371-ಜೆ ಅನುಚ್ಛೇದದ ಸ್ಥಳೀಯತೆ ಕಳೆದುಹೋಗುವುದೆಂಬ ಭಯ ಬೇಡ. ಅದು ಜನನದಿಂದ ದೊರೆತುದು, ಬಾಡಿಗೆಯ ವಿಳಾಸದಿಂದ ಅಳಿಯುವುದಲ್ಲ. ಅಂತೆಯೇ, ವಸತಿಯು ವಿಶ್ವವಿದ್ಯಾನಿಲಯದ ಆವರಣದ ಹೊರಗಿದ್ದರೂ ಹಿರಿಯ ವಿದ್ಯಾರ್ಥಿಗಳ ಪೀಡೆಯ ವಿಷಯದಲ್ಲಿ ಸಂಸ್ಥೆಯ ಹೊಣೆ ತಪ್ಪುವುದಿಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2009ರ ನಿಯಮಾವಳಿ ಸ್ಪಷ್ಟಪಡಿಸಿದೆ. ರ್‍ಯಾಗಿಂಗ್ ದೂರಿಗೆ 1800-180-5522 ಸಂಖ್ಯೆಗೆ ಕರೆಮಾಡಬಹುದು. ವಕೀಲರಿಗೆ ತೆರಲು ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಇನ್ನಿತರ ಕೆಲವರಿಗೂ ಆದಾಯ ನೋಡದೆ, ಉಳಿದವರಿಗೆ ಆದಾಯದ ಮಿತಿಗೆ ಒಳಪಟ್ಟು, ಉಚಿತ ಕಾನೂನು ನೆರವನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಒದಗಿಸಿದೆ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದ್ದು, ಅಲ್ಲಿಗೆ ಹೋಗಲಾರದವರು 15100ಕ್ಕೆ ಕರೆಮಾಡಿ ತಮ್ಮ ಅಹವಾಲನ್ನು ಹೇಳಿಕೊಳ್ಳಬಹುದು.