ಬೆಲ್ಟು ಜಾರಿದರೆ ಬಣ್ಣ ಹಿಡಿಯದು

ಚನ್ನಪಟ್ಟಣದ ಗೊಂಬೆಗಳನ್ನು ನೀವು ನೋಡಿರಬಹುದು. ಆಲೆ ಮರದ ಗೊಂಬೆಗಳು. ಮೇಲೆ ಅರಗಿನ ಬಣ್ಣ. ಕೆಂಪು, ಹಳದಿ, ಹಸಿರು. ನಾವು ಮನೆಯಲ್ಲೇ ಲೇತ್ ಮಿಷನ್ನು ಇಟ್ಟುಕೊಂಡು ಈ ಕೆಲಸ ಮಾಡುವವರು.

ಈ ಬಣ್ಣವನ್ನು ಬ್ರಷ್ಷಿನಿಂದ ಬಳಿಯುವುದಿಲ್ಲ. ಮರದ ತುಂಡು ಗಿರ್ರನೆ ತಿರುಗುತ್ತಾ ಇರುತ್ತದೆ. ಅದಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತೇವೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದು ನಯ ಮಾಡುತ್ತೇವೆ. ಬಿಸಿ ಬೇಕಾದರೆ ವೇಗ ಬೇಕು.

ಒಂದು ಸಲ ನಮಗೆ ಹೀಗಾಯಿತು. ಅರಗು ಕರಗಲೇ ಇಲ್ಲ. ಒಂದು ಕಡೆ ಗಂಟು ಗಂಟಾಗಿ ನಿಂತಿತು, ಇನ್ನೊಂದು ಕಡೆ ಬರೀ ಮರ ಕಾಣುತ್ತಿತ್ತು. ಒಂದು ವಾರದ ಮಾಲು ವಾಪಸ್ ಬಂತು. ಕೂಲಿಯೂ ಇಲ್ಲ, ಮರವೂ ಹೋಯಿತು.

"ಅರಗೇ ಸರಿಯಿಲ್ಲ ಕಣಕ್ಕ" ಅಂದೆವು.

ಪಕ್ಕದ ಮನೆ ಅಕ್ಕ ಬಂದು ನೋಡಿದರು. "ಅರಗನ್ನ ಯಾಕವ್ವ ಬೈತೀಯ? ಉಳಿ ಹಿಡಿದು ನೋಡು, ಮರ ನಿಂತೇ ಹೋಗ್ತದೆ. ಮೋಟಾರು ಮಾತ್ರ ಓಡ್ತಾನೇ ಇದೆ" ಅಂದರು.

ಹೌದಲ್ಲ! ಅದುವರೆಗೆ ನಾವು ಅದನ್ನು ಗಮನಿಸಿಯೇ ಇರಲಿಲ್ಲ.

ಉಳಿ ತಾಗಿದಾಗ ಮರ ನಿಧಾನವಾಗಿ, ಮೋಟಾರು ಅದೇ ವೇಗದಲ್ಲಿ ಓಡಿದರೆ, ತಪ್ಪು ನಡುವೆ ಎಲ್ಲೋ ಇದೆ. ಹೆಚ್ಚಾಗಿ ಬೆಲ್ಟು ಜಾರುತ್ತಿರುತ್ತದೆ. ಮೋಟಾರೇ ನಿಧಾನವಾದರೆ ಕರೆಂಟಿನದೋ ಮೋಟಾರಿನದೋ ತಪ್ಪು. ಮೋಟಾರು ಗುಂಯ್ ಅಂದು ತಿರುಗದಿದ್ದರೆ ತಕ್ಷಣ ಸ್ವಿಚ್ ಆರಿಸಿ. ಅದನ್ನು ಬಿಚ್ಚುವ ಕೆಲಸ ಮೆಕ್ಯಾನಿಕ್‌ನದು. ಒಳಗಿನ ಕೆಪಾಸಿಟರು ಸ್ವಿಚ್ ಆರಿಸಿದ ಮೇಲೂ ಶಾಕ್ ಹೊಡೆಯಬಹುದು.

ಬೆಲ್ಟು ನೋಡುವುದು ನಮ್ಮ ಕೈಲಿ ಆಗುವ ಕೆಲಸ. ಮೊದಲು ಸ್ವಿಚ್ ಆರಿಸಿ. ಪ್ಲಗ್ಗು ಕಿತ್ತುಬಿಡಿ. ಮಕ್ಕಳಿರುವ ಮನೆಯಲ್ಲಿ ಬರೀ ಸ್ವಿಚ್ಚನ್ನು ನಂಬಬೇಡಿ. ಮಿಷನ್ನು ತಾನಾಗಿ ನಿಲ್ಲಲಿ. ಬೆಲ್ಟನ್ನು ಕೈಯಿಂದ ಹಿಡಿದು ನಿಲ್ಲಿಸಬೇಡಿ.

ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಕಾಲು ಅಂಗುಲದಿಂದ ಅರ್ಧ ಅಂಗುಲ ಬಗ್ಗಿದರೆ ಸರಿ. ಜೋತು ಬಿದ್ದಿದ್ದರೆ ಸಡಿಲ. ಮೋಟಾರಿನ ಬೋಲ್ಟು ಸಡಿಲಿಸಿ, ಮೋಟಾರನ್ನು ಸ್ವಲ್ಪ ಹಿಂದೆ ಸರಿಸಿ, ಮತ್ತೆ ಬಿಗಿ ಮಾಡಿ. ವೀಣೆ ತಂತಿ ಹಾಗೆ ಬಿಗಿದರೂ ಕೆಟ್ಟದ್ದೇ. ಬೇರಿಂಗು ಕಾದು ಬೇಗ ಸವೆಯುತ್ತದೆ.

ಬೆಲ್ಟಿನ ಎರಡು ಪಕ್ಕಗಳನ್ನೂ ನೋಡಿ. ಹಿಡಿತ ಇರುವುದು ಪಕ್ಕಗಳಲ್ಲಿ, ತಳದಲ್ಲಿ ಅಲ್ಲ. ಪಕ್ಕ ಕನ್ನಡಿ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಬೆಲ್ಟು ಪುಲ್ಲಿಯ ತಳ ಮುಟ್ಟಿದ್ದರೆ ಹೊಸದು ಹಾಕಬೇಕು. ಎಣ್ಣೆ, ಮರದ ಹುಡಿ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ. ಕಿರಗುಟ್ಟುತ್ತದೆ ಅಂತ ಬೆಲ್ಟಿಗೆ ಎಣ್ಣೆ ಬಿಡುವವರಿದ್ದಾರೆ. ಬಿಡಬೇಡಿ, ಇನ್ನೂ ಜಾರುತ್ತದೆ.

ಬೆಲ್ಟು ಸರಿಯಿದ್ದೂ ಮರ ನಿಲ್ಲುತ್ತದೆಯೇ? ಒಂದು ಸೀಮೆಸುಣ್ಣ ತನ್ನಿ. ಪುಲ್ಲಿಯ ಮೇಲಿಂದ ಅದರ ಕಂಬಿಯವರೆಗೆ ಒಂದೇ ನೇರ ಗೆರೆ ಎಳೆಯಿರಿ. ಸ್ವಲ್ಪ ಹೊತ್ತು ಮಿಷನ್ನು ಓಡಿಸಿ. ಆಮೇಲೆ ಪ್ಲಗ್ಗು ಕಿತ್ತು ನೋಡಿ. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಇದ್ದರೆ ಪುಲ್ಲಿಯ ಸ್ಕ್ರೂ ಸಡಿಲವಾಗಿದೆ. ಬಿಗಿ ಮಾಡಿದರೆ ಸಾಕು, ಒಂದು ಪೈಸೆ ಖರ್ಚಿಲ್ಲ.

ನಮ್ಮ ಬೆಲ್ಟು ಸವೆದೇ ಹೋಗಿತ್ತು. ಅದಕ್ಕೂ ಮುಂಚೆ ಒಮ್ಮೆ ಅಂಗಡಿಯವರು ಕೊಟ್ಟದ್ದನ್ನೇ ತಂದು ಹಾಕಿದ್ದೆವು. ಅದು ಉದ್ದ ಹೆಚ್ಚಾಗಿತ್ತು. ಎಷ್ಟು ಹಿಂದೆ ಸರಿಸಿದರೂ ಬಿಗಿಯಾಗಲಿಲ್ಲ. ಈ ಸಲ ಹಳೆ ಬೆಲ್ಟನ್ನು ಒರೆಸಿ, ಅದರ ಬೆನ್ನಿನ ಮೇಲೆ ಬರೆದದ್ದನ್ನು ಓದಿದೆವು. ಇಂಗ್ಲಿಷಿನ ಎ ಅಕ್ಷರ, ಪಕ್ಕದಲ್ಲಿ 36. ಎ ಅಂದರೆ ಬೆಲ್ಟಿನ ಅಗಲದ ಗುರುತು. 36 ಅಂದರೆ ಒಳಸುತ್ತು 36 ಅಂಗುಲ. ಅಂಗಡಿಯವರು 38 ಕೊಡಲು ಬಂದರು. "ಇದು ಬೇಡಣ್ಣ, 36 ಕೊಡಿ" ಅಂದೆವು. ಒಂದು ಗಳಿಗೆ ನಮ್ಮ ಮುಖ ನೋಡಿ, ಒಳಗೆ ಹೋಗಿ ತಂದುಕೊಟ್ಟರು.

ಇನ್ನು ವೇಗದ ಲೆಕ್ಕ. ಮೋಟಾರಿನ ತಗಡಿನ ಮೇಲೆ 1440 ಅಂತ ಬರೆದಿದೆ. ನಿಮಿಷಕ್ಕೆ ಅಷ್ಟು ಸುತ್ತು. ನಮ್ಮ ಮಿಷನ್ನಿನ ಪುಲ್ಲಿಗಳಲ್ಲಿ ಮೆಟ್ಟಿಲುಗಳಿವೆ. ಮೋಟಾರಿನ 3 ಅಂಗುಲದ ಮೆಟ್ಟಿಲಿನಿಂದ ಮರ ತಿರುಗಿಸುವ ಕಡೆಯ 2 ಅಂಗುಲದ ಮೆಟ್ಟಿಲಿಗೆ ಬೆಲ್ಟು ಹಾಕಿದರೆ:

1440 × 3 ÷ 2 = 2160

ಮೋಟಾರಿನ 2 ಅಂಗುಲದಿಂದ ಆ ಕಡೆಯ 3 ಅಂಗುಲಕ್ಕೆ ಹಾಕಿದರೆ:

1440 × 2 ÷ 3 = 960

ಚಿಕ್ಕ ಮಣಿಗೆ, ಬಳೆಗೆ ಹೆಚ್ಚು ವೇಗ ಸರಿ. ದಪ್ಪ ಮರಕ್ಕೆ, ಸೊಟ್ಟ ಮರಕ್ಕೆ ಮೊದಲು ಕಡಿಮೆ ವೇಗವೇ ಇರಲಿ. ವೇಗ ಹೆಚ್ಚಾದರೆ ತುಂಡು ಕಿತ್ತು ಮುಖಕ್ಕೆ ಬರುತ್ತದೆ. ಬೆಲ್ಟು ಎದುರುಬದುರು ಮೆಟ್ಟಿಲಿನಲ್ಲೇ ಕೂತಿರಬೇಕು. ಓರೆಯಾದರೆ ಬೇಗ ಸವೆಯುತ್ತದೆ.

ಪ್ಲಗ್ಗು ಹಾಕುವ ಮುಂಚೆ ಬೆಲ್ಟಿನ ಮುಚ್ಚಳ ಮತ್ತೆ ಹಾಕಿ. ಸೆರಗು ಸೊಂಟಕ್ಕೆ ಸಿಕ್ಕಿಸಿ. ಜಡೆ ಗಂಟು ಕಟ್ಟಿ.

ಲೆಕ್ಕ ಮಾಡಿ: ಮೋಟಾರಿನ ಪುಲ್ಲಿ 4 ಅಂಗುಲ. ಮರದ ಕಡೆಯ ಪುಲ್ಲಿ 3 ಅಂಗುಲ. ಮೋಟಾರು ನಿಮಿಷಕ್ಕೆ 1440 ಸುತ್ತು. ಮರ ಎಷ್ಟು ಸುತ್ತು ತಿರುಗುತ್ತದೆ?